ಪ್ಲಾನ್ 100, ಸಿಗೋದು 20: ಮನೆ ಇಂಟರ್ನೆಟ್ ಎಲ್ಲಿ ಸೋರ್ತಿದೆ?

ಬೆಳಿಗ್ಗೆ ಹತ್ತೂವರೆಯ ಮೀಟಿಂಗ್. ನೀವು ಮಾತು ಶುರು ಮಾಡಿ ಎರಡು ನಿಮಿಷ ಆಗಿಲ್ಲ, ಆ ಕಡೆಯಿಂದ ಒಂದು ದನಿ: ‘ಸಾರಿ, ನಿಮ್ ವಾಯ್ಸ್ ಕಟ್ ಆಗ್ತಿದೆ.’ ವಿಡಿಯೊ ಆಫ್ ಮಾಡ್ತೀರಿ. ಆಗಲೂ ಅದೇ ಕಥೆ. ಕೊನೆಗೆ ಮೊಬೈಲ್ ಹಾಟ್‌ಸ್ಪಾಟ್ ಆನ್ ಮಾಡಿ ಹೇಗೋ ಮರ್ಯಾದೆ ಉಳಿಸ್ಕೊಳ್ತೀರಿ. ಅದೇ ಜಾಗದಲ್ಲಿ ಕೆಲಸದ ಇಂಟರ್‌ವ್ಯೂ ಇದ್ದಿದ್ದರೆ? ಎದುರಿಗಿದ್ದವರು ನಿಮ್ಮ ಉತ್ತರವನ್ನಲ್ಲ, ತಡವರಿಕೆಯನ್ನು ನೆನಪಿಟ್ಟುಕೊಳ್ತಾರೆ.

ಇಂಥ ಹೊತ್ತಲ್ಲಿ ಬಹುತೇಕರು ಮಾಡೋದು ಎರಡೇ ಕೆಲಸ. ಒಂದು, ರೂಟರ್ ಆಫ್ ಮಾಡಿ ಆನ್ ಮಾಡೋದು. ಇನ್ನೊಂದು, ಕಸ್ಟಮರ್ ಕೇರ್‌ಗೆ ಫೋನ್ ಮಾಡಿ, ‘ಪ್ಲಾನ್ ಅಪ್‌ಗ್ರೇಡ್ ಮಾಡ್ಕೊಳ್ಳಿ’ ಅನ್ನೋ ಸಲಹೆ ಕೇಳಿ, ಹೂಂ ಅನ್ನೋದು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದ ಹಾಗೆ! ತಿಂಗಳಿಗೆ 300 ರೂಪಾಯಿ ಹೆಚ್ಚು ಅಂದರೆ, ಶೇ 18 ಜಿಎಸ್‌ಟಿ ಸೇರಿ ವರ್ಷಕ್ಕೆ 4,248 ರೂಪಾಯಿ. ಅಷ್ಟು ಕೊಟ್ಟ ಮೇಲೂ ಬೆಡ್‌ರೂಮಿನಲ್ಲಿ ಅದೇ ಸುತ್ತುವ ಚಕ್ರ.

ಅದಕ್ಕೇ ದುಡ್ಡು ಕೊಡೋ ಮೊದಲು ಒಂದು ಸಂಜೆ ಬಿಡುವು ಮಾಡ್ಕೊಂಡು, ಸ್ಪೀಡ್ ಎಲ್ಲಿ ಸೋರ್ತಿದೆ ಅಂತ ಹುಡುಕಿ. ಎಂಜಿನಿಯರ್ ಆಗಿರಬೇಕಿಲ್ಲ. ಒಂದು ಫೋನ್, ಸಾಧ್ಯವಾದರೆ ಒಂದು ಲ್ಯಾಪ್‌ಟಾಪ್ ಮತ್ತು ಒಂದು ಲ್ಯಾನ್ ಕೇಬಲ್ ಇದ್ದರೆ ಸಾಕು.

ಮೊದಲು ಲೆಕ್ಕ ಸರಿ ಮಾಡ್ಕೊಳ್ಳೋಣ

‘100 ಎಂಬಿಪಿಎಸ್ ಪ್ಲಾನ್ ಇದೆ, ಆದರೆ ಡೌನ್‌ಲೋಡ್ ಆಗೋದು 12 ಎಂಬಿಯಲ್ಲಿ’ ಅನ್ನೋ ದೂರು ನಿಮ್ಮದಾಗಿದ್ದರೆ ಖುಷಿಪಡಿ, ನಿಮ್ಮ ಲೈನ್ ಸರಿಯಾಗೇ ಇದೆ. ಕಂಪನಿಗಳು ವೇಗ ಹೇಳೋದು ಮೆಗಾಬಿಟ್ ಲೆಕ್ಕದಲ್ಲಿ. ಡೌನ್‌ಲೋಡ್ ಕಿಟಕಿ ತೋರಿಸೋದು ಮೆಗಾಬೈಟ್ ಲೆಕ್ಕದಲ್ಲಿ. 8 ಬಿಟ್ ಸೇರಿದರೆ 1 ಬೈಟ್. ಹಾಗಾಗಿ 100 ಮೆಗಾಬಿಟ್ ಅಂದರೆ ಸೆಕೆಂಡಿಗೆ 12.5 ಮೆಗಾಬೈಟ್. 1 ಜಿಬಿಯ ಸಿನಿಮಾ ಇಳಿಯೋಕೆ ಹತ್ತಿರ ಹತ್ತಿರ ಒಂದೂವರೆ ನಿಮಿಷ ಬೇಕು.

ಇನ್ನೊಂದು ಲೆಕ್ಕ, ನಿಮಗೆ ನಿಜಕ್ಕೂ ಎಷ್ಟು ಬೇಕು ಅನ್ನೋದು. ನೆಟ್‌ಫ್ಲಿಕ್ಸ್ ಹೇಳೋ ಪ್ರಕಾರ ಫುಲ್ ಎಚ್‌ಡಿಗೆ 5 ಎಂಬಿಪಿಎಸ್, 4ಕೆ ವಿಡಿಯೊಗೆ 15 ಎಂಬಿಪಿಎಸ್ ಸಾಕು. ವಿಡಿಯೊ ಕಾಲ್‌ಗೆ ಅದಕ್ಕಿಂತಲೂ ಕಡಿಮೆ. ಅಂದರೆ ಮೂರು ಜನರ ಮನೆಯಲ್ಲಿ 50 ಎಂಬಿಪಿಎಸ್ ಸರಿಯಾಗಿ ಬಂದರೆ ಕೆಲಸವೂ ನಡೆಯುತ್ತೆ, ಸೀರಿಯಲ್ಲೂ ನಡೆಯುತ್ತೆ. ಕೊರತೆ ಇರೋದು ಪ್ಲಾನಿನಲ್ಲಲ್ಲ, ‘ಸರಿಯಾಗಿ ಬರೋದರಲ್ಲಿ’.

ಒಂದೇ ಪರೀಕ್ಷೆ, ಅರ್ಧ ಉತ್ತರ

ಮನೆಯ ನೀರಿನ ವ್ಯವಸ್ಥೆ ನೆನಪಿಸ್ಕೊಳ್ಳಿ. ಬೀದಿಯ ಮೇನ್ ಪೈಪ್, ಮನೆಗೆ ಬರೋ ಮೀಟರ್, ಒಳಗಿನ ನಲ್ಲಿ. ಬಚ್ಚಲಿನ ನಲ್ಲಿಯಲ್ಲಿ ನೀರು ಸಣ್ಣಗೆ ಬಂದರೆ, ಮೊದಲು ಮೀಟರ್ ಹತ್ತಿರ ಹೇಗೆ ಬರ್ತಿದೆ ಅಂತ ನೋಡ್ತೀವಿ. ಇಂಟರ್ನೆಟ್ಟಿಗೂ ಅದೇ ನ್ಯಾಯ. ಬೀದಿಯ ಲೈನ್, ಮನೆಯೊಳಗಿನ ಮೋಡೆಮ್, ಅಲ್ಲಿಂದ ಫೋನಿಗೆ ಬರೋ ವೈ-ಫೈ, ಹೀಗೆ ಮೂರು ತುಂಡು.

ಲ್ಯಾಪ್‌ಟಾಪನ್ನು ಮೋಡೆಮ್ ಅಥವಾ ರೂಟರ್‌ಗೆ ಲ್ಯಾನ್ ಕೇಬಲ್‌ನಿಂದ ನೇರವಾಗಿ ಜೋಡಿಸಿ. ಲ್ಯಾಪ್‌ಟಾಪ್‌ನಲ್ಲಿ ಲ್ಯಾನ್ ಪೋರ್ಟ್ ಇಲ್ಲದಿದ್ದರೆ ಯುಎಸ್‌ಬಿ ಅಡಾಪ್ಟರ್ ಸಿಗುತ್ತೆ. ವೈ-ಫೈ ಆಫ್ ಮಾಡಿ, ಆಫೀಸಿನ ವಿಪಿಎನ್ ಆಫ್ ಮಾಡಿ, ಮನೆಯವರಿಗೆ ‘ಐದು ನಿಮಿಷ ಯೂಟ್ಯೂಬ್ ನಿಲ್ಲಿಸಿ’ ಅಂತ ಹೇಳಿ, ಸ್ಪೀಡ್ ಟೆಸ್ಟ್ ಮಾಡಿ. ಮೂರು ಸಲ ಮಾಡಿ ಬರೆದಿಟ್ಟುಕೊಳ್ಳಿ. ಆಮೇಲೆ ಅದನ್ನೇ ವೈ-ಫೈನಲ್ಲಿ, ನೀವು ದಿನಾ ಕೂತು ಕೆಲಸ ಮಾಡೋ ಜಾಗದಲ್ಲಿ ಮಾಡಿ.

ಕೇಬಲ್‌ನಲ್ಲಿ 95, ವೈ-ಫೈನಲ್ಲಿ 20 ಬಂದರೆ ಸೋರಿಕೆ ನಿಮ್ಮ ಮನೆಯೊಳಗೇ ಇದೆ. ಕೇಬಲ್‌ನಲ್ಲೂ 20 ಬಂದರೆ ಮೋಡೆಮ್ ಅಥವಾ ಹೊರಗಿನ ಲೈನ್ ಕಡೆ ನೋಡಬೇಕು. ಲ್ಯಾಪ್‌ಟಾಪೇ ಇಲ್ಲ ಅಂದರೆ ಫೋನನ್ನು 5 ಗಿಗಾಹರ್ಟ್ಸ್ ವೈ-ಫೈಗೆ ಹಾಕಿ, ರೂಟರ್ ಪಕ್ಕದಲ್ಲೇ ನಿಂತು ಟೆಸ್ಟ್ ಮಾಡಿ. ಅಷ್ಟು ನಿಖರ ಅಲ್ಲ, ಆದರೆ ದಿಕ್ಕು ತೋರಿಸುತ್ತೆ.

ಸೋರಿಕೆ ಮನೆಯೊಳಗೆ ಇದ್ದರೆ

ನಮ್ಮಲ್ಲಿ ರೂಟರ್ ಇರೋ ಜಾಗ ನೋಡಿದರೇ ಅರ್ಧ ಕಾರಣ ಗೊತ್ತಾಗುತ್ತೆ. ಟಿವಿ ಹಿಂದೆ, ಶೋಕೇಸ್ ಒಳಗೆ, ಕಬ್ಬಿಣದ ಬೀರುವಿನ ಮೇಲೆ, ಇಲ್ಲವೇ ವೈರ್ ಒಳಗೆ ಬರೋ ಕಿಟಕಿಯ ಮೂಲೆಯಲ್ಲಿ. ಕಬ್ಬಿಣ, ಕನ್ನಡಿ, ಕಾಂಕ್ರೀಟ್, ನೀರು ತುಂಬಿದ ಮೀನಿನ ತೊಟ್ಟಿ, ಇವೆಲ್ಲ ವೈ-ಫೈಗೆ ಅಡ್ಡಗೋಡೆಗಳೇ. ರೂಟರ್‌ಗೆ ಬೇಕಾದ್ದು ಮನೆಯ ನಡುಮಧ್ಯ, ಎತ್ತರದ, ತೆರೆದ ಜಾಗ. ವೈರ್ ಎರಡು ಮೀಟರ್ ಉದ್ದ ಮಾಡಿಸೋದು ಹೊಸ ರೂಟರ್ ಕೊಳ್ಳೋದಕ್ಕಿಂತ ಅಗ್ಗ.

ಎರಡನೇದು ಬ್ಯಾಂಡ್. 2.4 ಗಿಗಾಹರ್ಟ್ಸ್ ಗೋಡೆ ದಾಟಿ ದೂರ ಹೋಗುತ್ತೆ, ಆದರೆ ನಿಧಾನ. ಅಕ್ಕಪಕ್ಕದ ಮನೆಯವರೆಲ್ಲ ಅಲ್ಲೇ ಇರ್ತಾರೆ. ಬ್ಲೂಟೂತ್, ಮೈಕ್ರೊವೇವ್ ಓವನ್ ಕೂಡ ಅದೇ ಆಸುಪಾಸಿನಲ್ಲಿ ಗದ್ದಲ ಎಬ್ಬಿಸುತ್ತವೆ. 5 ಗಿಗಾಹರ್ಟ್ಸ್ ವೇಗವಾಗಿದೆ, ಆದರೆ ಎರಡು ಗೋಡೆ ದಾಟೋಷ್ಟರಲ್ಲಿ ಸುಸ್ತಾಗುತ್ತೆ. ಕೆಲಸ ಮಾಡೋ ಲ್ಯಾಪ್‌ಟಾಪ್ ಮತ್ತು ಟಿವಿ 5ರಲ್ಲಿ ಇರಲಿ. ಸ್ಮಾರ್ಟ್ ಬಲ್ಬ್, ಕ್ಯಾಮೆರಾ, ಹಳೇ ಫೋನು 2.4ರಲ್ಲಿ ಇರಲಿ.

ಅಪಾರ್ಟ್‌ಮೆಂಟಿನಲ್ಲೋ ಪಿಜಿಯಲ್ಲೋ ಇದ್ದೀರಾ? ವೈ-ಫೈ ಪಟ್ಟಿ ತೆರೆದರೆ ಇಪ್ಪತ್ತು ಹೆಸರು ಕಾಣ್ತಿದೆಯಾ? ಹಾಗಿದ್ದರೆ 2.4ರ ಚಾನೆಲ್ ಸಂಖ್ಯೆ ಗಮನಿಸಿ. 1, 6, 11 ಈ ಮೂರು ಮಾತ್ರ ಒಂದರ ಮೇಲೊಂದು ಬೀಳಲ್ಲ. ವೈ-ಫೈ ಅನಲೈಸರ್ ಥರದ ಆ್ಯಪ್‌ನಲ್ಲಿ ಯಾವುದು ಖಾಲಿ ಇದೆ ನೋಡಿ, ರೂಟರ್ ಸೆಟ್ಟಿಂಗ್‌ನಲ್ಲಿ ಅದನ್ನೇ ಇಡಿ. 3, 4 ಅಂತ ನಡುವೆ ನುಗ್ಗಿದರೆ ಎರಡೂ ಕಡೆಯ ಗದ್ದಲ ನಿಮ್ಮ ಪಾಲಿಗೆ.

ಅಗ್ಗದ ರಿಪೀಟರ್ ತರೋ ಮುಂಚೆ ಒಂದು ಮಾತು. ಒಂದೇ ರೇಡಿಯೊ ಇರೋ ರಿಪೀಟರ್ ಕೇಳಿಸಿಕೊಳ್ಳೋದೂ ಮಾತಾಡೋದೂ ಒಂದೇ ಬಾಯಲ್ಲಿ. ಹಾಗಾಗಿ ವೇಗ ಸುಮಾರು ಅರ್ಧಕ್ಕೆ ಇಳಿಯುತ್ತೆ. ದೂರದ ಕೋಣೆಗೆ ಒಂದು ಲ್ಯಾನ್ ಕೇಬಲ್ ಎಳೆದು, ಅಲ್ಲೊಂದು ಹಳೇ ರೂಟರನ್ನು ಆ್ಯಕ್ಸೆಸ್ ಪಾಯಿಂಟ್ ಆಗಿ ಇಟ್ಟರೆ ಅದಕ್ಕಿಂತ ಎಷ್ಟೋ ವಾಸಿ.

94ರಲ್ಲಿ ನಿಂತುಹೋಗುತ್ತಾ?

200ರ ಪ್ಲಾನ್ ಹಾಕಿಸಿದ್ದೀರಿ. ಎಷ್ಟು ಸಲ ಟೆಸ್ಟ್ ಮಾಡಿದರೂ 93, 94, 95. ಇದು ಲೈನಿನ ತಪ್ಪಲ್ಲ, ಪೋರ್ಟಿನ ಮಿತಿ. ಅಗ್ಗದ ರೂಟರ್‌ಗಳಲ್ಲಿ 100 ಎಂಬಿಪಿಎಸ್ ಪೋರ್ಟ್ ಇರುತ್ತೆ. ಅದರಲ್ಲಿ ಕೈಗೆ ಸಿಗೋದು 95ರ ಹತ್ತಿರ ಮಾತ್ರ. ಡಬ್ಬದ ಮೇಲೆ ‘ಗಿಗಾಬಿಟ್ ಪೋರ್ಟ್’ ಅಂತ ಇದೆಯಾ ನೋಡಿ.

ಗಿಗಾಬಿಟ್ ಪೋರ್ಟ್ ಇದ್ದೂ 94 ಬಂದರೆ ಕೇಬಲ್ ಮೇಲೆ ಅನುಮಾನಪಡಿ. ಲ್ಯಾನ್ ಕೇಬಲ್ ಒಳಗೆ 8 ಎಳೆ, ಅಂದರೆ 4 ಜೋಡಿ ಇರ್ತವೆ. ಗಿಗಾಬಿಟ್‌ಗೆ ನಾಲ್ಕೂ ಜೋಡಿ ಬೇಕು, 100ಕ್ಕೆ ಎರಡು ಜೋಡಿ ಸಾಕು. ಬಾಗಿಲ ಸಂದಿಯಲ್ಲಿ ಸಿಕ್ಕಿ ಒಂದು ಎಳೆ ಕಟ್ ಆದರೂ ಲೈನ್ ಸದ್ದಿಲ್ಲದೆ 100ಕ್ಕೆ ಇಳಿದು ಕೂರುತ್ತೆ. ಕ್ಯಾಟ್ 5ಇ ಅಥವಾ ಕ್ಯಾಟ್ 6 ಕೇಬಲ್ ಬದಲಾಯಿಸಿದರೆ ಕಥೆ ಮುಗೀತು.

ಕೇಬಲ್ ಮೋಡೆಮ್ ಇದ್ದವರು ಇಲ್ಲಿ ನೋಡಿ

ಕೇಬಲ್ ಟಿವಿಯ ದಪ್ಪ ಕೋಆಕ್ಸಿಯಲ್ ವೈರೇ ಮೋಡೆಮ್‌ಗೂ ಬರ್ತಿದ್ದರೆ ನಿಮ್ಮದು ಕೇಬಲ್ ಬ್ರಾಡ್‌ಬ್ಯಾಂಡ್. ಹೊಸ ಬಡಾವಣೆಗಳಿಗೆ ಫೈಬರ್ ಬಂದಿದ್ದರೂ ಹಳೇ ಏರಿಯಾಗಳಲ್ಲಿ, ಅದರಲ್ಲೂ ಬಾಡಿಗೆ ಮನೆಗಳಲ್ಲಿ, ಈ ವೈರ್ ಇನ್ನೂ ಕಾಣಸಿಗುತ್ತೆ. ಇದು ಓಡೋದು ಡಾಕ್ಸಿಸ್ ಅನ್ನೋ ವ್ಯವಸ್ಥೆಯ ಮೇಲೆ. ಅದರ ಮೊದಲ ಆವೃತ್ತಿ ಬಂದದ್ದು 1997ರಲ್ಲಿ.

ಮೊದಲು ಮೋಡೆಮ್‌ನ ವಯಸ್ಸು ನೋಡಿ. ಡಾಕ್ಸಿಸ್ 2.0 ಮೋಡೆಮ್ ಒಂದೇ ಚಾನೆಲ್‌ನಲ್ಲಿ ಡೇಟಾ ಇಳಿಸ್ಕೊಳ್ಳುತ್ತೆ. ಚಾನೆಲ್ ಅಗಲ 6 ಮೆಗಾಹರ್ಟ್ಸ್ ಆದರೆ ಸುಮಾರು 38, 8 ಮೆಗಾಹರ್ಟ್ಸ್ ಆದರೆ ಸುಮಾರು 50 ಎಂಬಿಪಿಎಸ್, ಅಷ್ಟೇ ಅದರ ತಾಕತ್ತು. ಅದಕ್ಕೆ 100ರ ಪ್ಲಾನ್ ಹಾಕಿದರೆ ದುಡ್ಡು ದಂಡ. 2006ರಲ್ಲಿ ಬಂದ ಡಾಕ್ಸಿಸ್ 3.0 ಹಲವು ಚಾನೆಲ್‌ಗಳನ್ನು ಒಟ್ಟಿಗೆ ಕಟ್ಟುತ್ತೆ. ಮೋಡೆಮ್ ತಳದ ಸ್ಟಿಕ್ಕರ್‌ನಲ್ಲಿ ಮಾಡೆಲ್ ನಂಬರ್ ನೋಡಿ, ಯಾವುದು ಅಂತ ಹುಡುಕಿ.

ಆಮೇಲೆ ಸಿಗ್ನಲ್. ಎಷ್ಟೋ ಕೇಬಲ್ ಮೋಡೆಮ್‌ಗಳಲ್ಲಿ ಬ್ರೌಸರ್‌ನಲ್ಲಿ 192.168.100.1 ಅಂತ ಟೈಪ್ ಮಾಡಿದರೆ ಒಂದು ಪುಟ ತೆರೆಯುತ್ತೆ. ಅಂಕಿಗಳ ರಾಶಿ ನೋಡಿ ಹೆದರಬೇಡಿ. ಮೂರು ಸಾಲು ಓದಿದರೆ ಸಾಕು.

ಡೌನ್‌ಸ್ಟ್ರೀಮ್ ಪವರ್: ಇದು ನಿಮ್ಮ ಮನೆಗೆ ಬರೋ ದನಿಯ ಜೋರು. −7ರಿಂದ +7 ಒಳಗಿದ್ದರೆ ಚೆನ್ನ. −15 ಅಥವಾ +15 ದಾಟಿದರೆ ಮಿತಿ ಮೀರಿತು. ಜೋರು ಜಾಸ್ತಿಯಾದರೂ ತೊಂದರೆಯೇ.

ಎಸ್‌ಎನ್‌ಆರ್: ಗದ್ದಲಕ್ಕಿಂತ ಸಿಗ್ನಲ್ ಎಷ್ಟು ಮೇಲಿದೆ ಅನ್ನೋದು. 33ಕ್ಕಿಂತ ಮೇಲಿದ್ದರೆ ನೆಮ್ಮದಿ.

ಅಪ್‌ಸ್ಟ್ರೀಮ್ ಪವರ್: ನಿಮ್ಮ ಮೋಡೆಮ್ ಎಷ್ಟು ಜೋರಾಗಿ ಕೂಗಬೇಕಾಗಿದೆ ಅನ್ನೋದು. 35ರಿಂದ 49ರವರೆಗೆ ಆರಾಮ. 50 ದಾಟಿದ್ದರೆ ಮೋಡೆಮ್ ಗಂಟಲು ಹರ್ಕೊಂಡು ಕೂಗ್ತಿದೆ, ಆದರೂ ಆ ಕಡೆಗೆ ಸರಿಯಾಗಿ ಕೇಳಿಸ್ತಿಲ್ಲ ಅಂತ ಅರ್ಥ. ಡೌನ್‌ಲೋಡ್ ಚೆನ್ನಾಗಿದ್ದು ಕಾಲ್ ಮಾತ್ರ ಕಟ್ ಆಗೋದಕ್ಕೆ ಇದೂ ಒಂದು ಕಾರಣ. ಲಾಗ್ ಪುಟದಲ್ಲಿ ಟಿ3, ಟಿ4 ಟೈಮ್‌ಔಟ್ ಅಂತ ಸಾಲು ಸಾಲಾಗಿ ಇದ್ದರೆ ಅನುಮಾನ ಗಟ್ಟಿ.

ಅಂಕಿ ಕೆಟ್ಟಿದ್ದರೆ ವೈರ್ ಹಿಡಿದುಕೊಂಡು ಹಿಂದಕ್ಕೆ ಹೋಗಿ. ಹಳೇ ಬಾಡಿಗೆದಾರರು ಟಿವಿಗೆ ಒಂದು, ಬೆಡ್‌ರೂಮ್ ಟಿವಿಗೆ ಇನ್ನೊಂದು ಅಂತ ಹಾಕಿಸಿದ ಸ್ಪ್ಲಿಟರ್ ಎಲ್ಲೋ ಸಜ್ಜಾದ ಮೇಲೆ ಧೂಳು ಹಿಡಿದು ಕೂತಿರುತ್ತೆ. ಎರಡು ದಾರಿಯ ಒಂದು ಸ್ಪ್ಲಿಟರ್ ಪ್ರತಿ ದಾರಿಯಲ್ಲೂ ಸುಮಾರು 3.5 ಡೆಸಿಬೆಲ್ ತಿನ್ನುತ್ತೆ. 3 ಡೆಸಿಬೆಲ್ ಹೋದರೆ ಸಿಗ್ನಲ್ ಅರ್ಧ ಆದ ಹಾಗೆ. ಒಂದರ ಹಿಂದೆ ಒಂದು ಎರಡು ಸ್ಪ್ಲಿಟರ್ ಇದ್ದರೆ ಉಳಿಯೋದು ಕಾಲು ಭಾಗಕ್ಕಿಂತ ಕಡಿಮೆ. ಬೇಡದ ಸ್ಪ್ಲಿಟರ್ ತೆಗೆಸಿ, ಮೋಡೆಮ್‌ಗೆ ನೇರ ಲೈನ್ ಕೊಡಿಸಿ.

ಕನೆಕ್ಟರ್ ಕೈಯಿಂದ ತಿರುಗಿಸಿ ನೋಡಿ. ಸಡಿಲ ಇದ್ದರೆ ಬಿಗಿ ಮಾಡಿ. ತಾಮ್ರದ ಎಳೆಗೆ ಹಸಿರು ಕಿಲುಬು ಹಿಡಿದಿದ್ದರೆ ಹೊಸದು ಹಾಕಿಸಿ. ಸಡಿಲ ಕನೆಕ್ಟರ್ ಬರೀ ನಿಮಗೆ ಮಾತ್ರ ತೊಂದರೆ ಕೊಡಲ್ಲ. ಹೊರಗಿನ ರೇಡಿಯೊ ಗದ್ದಲ ಅಲ್ಲಿಂದ ಒಳಗೆ ನುಗ್ಗುತ್ತೆ. ಬೀದಿಯ ಎಲ್ಲ ಮನೆಗಳ ಅಪ್‌ಲೋಡ್ ಒಂದೇ ಕಡೆ ಸೇರೋದರಿಂದ ಒಂದು ಮನೆಯ ಸಡಿಲ ತುದಿ ಇಡೀ ಬೀದಿಯ ಕಾಲ್‌ಗಳನ್ನು ಕೆಡಿಸಬಹುದು. ಮಳೆ ಬಂದಾಗ ಮಾತ್ರ ಸ್ಲೋ ಆಗುತ್ತೆ ಅಂದರೆ ಹೊರಗಿನ ಜಾಯಿಂಟ್‌ನಲ್ಲಿ ನೀರು ಇಳಿದಿದೆ ಅಂತಲೇ ಮೊದಲು ಅನುಮಾನಪಡಿ.

ನಿಮ್ಮದು ಫೈಬರ್ ಆದರೆ ಸೂತ್ರ ಇದೇ, ಅಂಕಿ ಬೇರೆ. ಪೆಟ್ಟಿಗೆಯಲ್ಲಿ ‘ಎಲ್‌ಒಎಸ್’ ಕೆಂಪು ದೀಪ ಉರಿದರೆ ಬೆಳಕು ಬರ್ತಿಲ್ಲ. ಸೆಟ್ಟಿಂಗ್ ಪುಟದಲ್ಲಿ ಆರ್‌ಎಕ್ಸ್ ಪವರ್ −27ರ ಹತ್ತಿರ ಇದ್ದರೆ ಲೈನ್ ಬಡಕಲಾಗಿದೆ. ತೆಳ್ಳನೆಯ ಫೈಬರ್ ವೈರನ್ನು ಮೊಳೆಗೆ ಸುತ್ತಿ ಮಡಚಿದ್ದರೆ ಬೆಳಕು ಆ ಬಾಗಿನಲ್ಲೇ ಸೋರಿ ಹೋಗುತ್ತೆ.

ರಾತ್ರಿ ಒಂಬತ್ತಕ್ಕೆ ಮಾತ್ರ ಸ್ಲೋ

ಕೇಬಲ್ ಲೈನ್ ಹಂಚಿಕೊಂಡ ಲೈನ್. ಒಂದು ನೋಡ್‌ಗೆ ಸೇರಿದ ಮನೆಗಳೆಲ್ಲ ಅದೇ ಚಾನೆಲ್‌ಗಳನ್ನು ಬಳಸ್ತಾರೆ. ರಾತ್ರಿ ಊಟದ ಹೊತ್ತಿಗೆ ಎಲ್ಲರ ಟಿವಿ ಆನ್ ಆದಾಗ ಎಲ್ಲರಿಗೂ ಸ್ಲೋ. ಇದನ್ನು ಹಿಡಿಯೋಕೆ ಮೂರು ದಿನ ಬೆಳಿಗ್ಗೆ 7, ಮಧ್ಯಾಹ್ನ 3, ರಾತ್ರಿ 9 ಗಂಟೆಗೆ ಲ್ಯಾನ್ ಕೇಬಲ್‌ನಿಂದ ಟೆಸ್ಟ್ ಮಾಡಿ, ಫೋನಿನ ನೋಟ್ಸ್‌ನಲ್ಲಿ ಬರೆದಿಡಿ.

ಬೆಳಿಗ್ಗೆ 95, ರಾತ್ರಿ 20 ಬಂದರೆ ದಟ್ಟಣೆ ಹೊರಗಿದೆ. ನಿಮ್ಮ ರೂಟರ್ ನಿರಪರಾಧಿ. ಇಂಥ ಕಡೆ ದೊಡ್ಡ ಪ್ಲಾನ್ ತಗೊಂಡರೂ ಟ್ರಾಫಿಕ್ ಜಾಮ್‌ನಲ್ಲಿ ದೊಡ್ಡ ಕಾರು ತಂದ ಹಾಗೆ. ಇಡೀ ದಿನ ಒಂದೇ ಸಮ ಕಡಿಮೆ ಬಂದರೆ ಸಿಗ್ನಲ್ಲೋ ಮೋಡೆಮ್ಮೋ ನೋಡಿ. ತಿಂಗಳ ಕೊನೆಯಲ್ಲಿ ಮಾತ್ರ ಬಿದ್ದುಹೋದರೆ ಎಫ್‌ಯುಪಿ ಮಿತಿ ಮುಗಿದಿರಬಹುದು. ‘ಅನ್‌ಲಿಮಿಟೆಡ್’ ಅಂದರೂ ಇಷ್ಟು ಜಿಬಿ ಆದಮೇಲೆ ಸ್ಪೀಡ್ ಇಳಿಯುತ್ತೆ ಅನ್ನೋ ಸಾಲು ಪ್ಲಾನ್ ವಿವರದ ಕೆಳಗೆಲ್ಲೋ ಇರುತ್ತೆ. ಆ್ಯಪ್ ತೆರೆದು ಎಷ್ಟು ಬಳಸಿದ್ದೀರಿ ನೋಡ್ಕೊಳ್ಳಿ.

ಟೆಸ್ಟ್‌ನಲ್ಲಿ 90, ಆದರೂ ಕಾಲ್ ಕಟ್

ಇದಕ್ಕೆ ಬಹಳ ಸಲ ಕಾರಣ ಅಪ್‌ಲೋಡ್. ಕೇಬಲ್ ಪ್ಲಾನ್‌ಗಳಲ್ಲಿ ಅಪ್‌ಲೋಡ್ ಪಾಲು ಸಣ್ಣದು. ಭಾನುವಾರದ ಮದುವೆಯ 400 ಫೋಟೊ ಸೋಮವಾರ ಬೆಳಿಗ್ಗೆ ಯಾರದ್ದೋ ಫೋನಿನಿಂದ ಕ್ಲೌಡ್‌ಗೆ ಹತ್ತುತ್ತಿದ್ದರೆ ಮೋಡೆಮ್ ಬಾಗಿಲಲ್ಲಿ ಉದ್ದ ಕ್ಯೂ. ನಿಮ್ಮ ದನಿಯ ಸಣ್ಣ ಪೊಟ್ಟಣವೂ ಆ ಕ್ಯೂನಲ್ಲೇ ನಿಲ್ಲಬೇಕು. ಕಾಲ್ ಕಟ್ ಆಗೋ ಹೊತ್ತಲ್ಲಿ ಸ್ಪೀಡ್ ಟೆಸ್ಟ್ ಮಾಡಿ, ಪಿಂಗ್ ಎಷ್ಟಿದೆ ನೋಡಿ. ಮಾಮೂಲಿ 20 ಇರೋದು 300, 400 ಆಗಿದ್ದರೆ ಇದೇ ರೋಗ.

ಮದ್ದು ಸುಲಭ. ಫೋಟೊ ಬ್ಯಾಕಪ್ ರಾತ್ರಿ ಮಲಗೋವಾಗ ಆಗಲಿ. ರೂಟರ್‌ನಲ್ಲಿ ಕ್ಯೂಒಎಸ್ ಸೌಲಭ್ಯ ಇದ್ದರೆ ಅಪ್‌ಲೋಡ್ ಮಿತಿಯನ್ನು ನಿಜವಾಗಿ ಸಿಗೋ ವೇಗದ ಶೇ 85–90ಕ್ಕೆ ಇಡಿ. ಕ್ಯೂ ಉದ್ದ ಆಗೋದು ನಿಲ್ಲುತ್ತೆ.

ಡಿಎನ್‌ಎಸ್ ಅನ್ನು 1.1.1.1 ಅಥವಾ 8.8.8.8ಕ್ಕೆ ಬದಲಾಯಿಸಿದರೆ ಪುಟ ತೆರೆಯೋಕೆ ಶುರುವಾಗೋದು ಸ್ವಲ್ಪ ಬೇಗ ಆಗಬಹುದು, ಡೌನ್‌ಲೋಡ್ ವೇಗ ಏರಲ್ಲ. ಮತ್ತೆ, ರೀಸ್ಟಾರ್ಟ್ ಬೇರೆ, ರೀಸೆಟ್ ಬೇರೆ. ಸ್ವಿಚ್ ಆಫ್ ಮಾಡಿ ಎರಡು ನಿಮಿಷ ಬಿಟ್ಟು ಮೊದಲು ಮೋಡೆಮ್, ಆಮೇಲೆ ರೂಟರ್ ಆನ್ ಮಾಡೋದು ರೀಸ್ಟಾರ್ಟ್. ಪಿನ್ನಿನಿಂದ ಹಿಂದಿನ ಸಣ್ಣ ತೂತು ಒತ್ತಿದರೆ ಅದು ರೀಸೆಟ್. ಲಾಗಿನ್ ವಿವರ ಎಲ್ಲ ಅಳಿಸಿಹೋಗಿ, ಟೆಕ್ನಿಷಿಯನ್ ಬರೋವರೆಗೂ ಇಂಟರ್ನೆಟ್ಟೇ ಇಲ್ಲ!

ದೂರು ಕೊಡೋದೂ ಒಂದು ಕಲೆ

‘ನೆಟ್ ಸ್ಲೋ ಇದೆ’ ಅಂದರೆ ಬರೋ ಉತ್ತರ ಗೊತ್ತೇ ಇದೆ.

‘ಮೇಡಂ, ನಮ್ ಕಡೆ ಲೈನ್ ಫುಲ್ ಇದೆ. ನಿಮ್ ರೂಟರ್ ಪ್ರಾಬ್ಲಂ.’

‘ರೂಟರ್ ಬಿಟ್ಟು ಮೋಡೆಮ್‌ಗೇ ಲ್ಯಾನ್ ಹಾಕಿ ನೋಡಿದೀನಿ ಅಣ್ಣ. ಮೂರು ದಿನದ್ದು ಸ್ಕ್ರೀನ್‌ಶಾಟ್ ಇದೆ. ಅಪ್‌ಸ್ಟ್ರೀಮ್ 53 ತೋರಿಸ್ತಿದೆ. ನಿಮ್ ಮೀಟರ್ ತಂದು ಕಂಬದ ಹತ್ರ ಒಂದ್ಸಲ, ಒಳಗೆ ಒಂದ್ಸಲ ನೋಡ್ತೀರಾ?’

ಇಷ್ಟು ಹೇಳಿದರೆ ಮಾತಿನ ಧಾಟಿಯೇ ಬದಲಾಗುತ್ತೆ. ಬಂದ ಹುಡುಗನಿಗೂ ಸುಲಭ, ಎಲ್ಲಿ ನೋಡಬೇಕು ಅಂತ ಗೊತ್ತಿರುತ್ತೆ. ಬಿಸಿಲಲ್ಲಿ ಕಂಬ ಹತ್ತೋನು ಅವನೇ, ಅವನ ಮೇಲೆ ರೇಗಿ ಪ್ರಯೋಜನ ಇಲ್ಲ.

ಬಾಯಿಮಾತಿನಲ್ಲಿ ಬಗೆಹರಿಯದಿದ್ದರೆ ಕಂಪನಿಯ ದೂರು ಕೇಂದ್ರಕ್ಕೆ ಹೇಳಿ, ಡಾಕೆಟ್ ನಂಬರ್ ತಗೊಳ್ಳಿ. ಅದಿಲ್ಲದ ದೂರು ದೂರೇ ಅಲ್ಲ. ಟ್ರಾಯ್‌ನ 2012ರ ನಿಯಮದ ಪ್ರಕಾರ, ಪರಿಹಾರ ಸಿಗದಿದ್ದರೆ 30 ದಿನದೊಳಗೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು. ಅದಕ್ಕೆ ಶುಲ್ಕ ಇಲ್ಲ, 39 ದಿನದಲ್ಲಿ ತೀರ್ಮಾನ ಆಗಬೇಕು. ಟ್ರಾಯ್ ಒಬ್ಬೊಬ್ಬರ ದೂರನ್ನು ತಾನೇ ವಿಚಾರಿಸಲ್ಲ. ಆದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು, ಜಿಲ್ಲಾ ಗ್ರಾಹಕ ಆಯೋಗದ ಬಾಗಿಲೂ ತಟ್ಟಬಹುದು. ಟೆಲಿಕಾಂ ಗ್ರಾಹಕರು ಗ್ರಾಹಕ ನ್ಯಾಯಾಲಯಕ್ಕೆ ಹೋಗಬಹುದು ಅಂತ ಸುಪ್ರೀಂ ಕೋರ್ಟ್ 2022ರ ಫೆಬ್ರುವರಿಯಲ್ಲಿ ಸ್ಪಷ್ಟಪಡಿಸಿದೆ. ಅಲ್ಲಿ ನಿಮ್ಮ ಕೈ ಹಿಡಿಯೋದು ಆ ಸ್ಕ್ರೀನ್‌ಶಾಟ್‌ಗಳು, ಬಿಲ್ ಮತ್ತು ಡಾಕೆಟ್ ನಂಬರ್.

ಊರಿಗೆ ಹೋದಾಗ

ಕೊನೆಯದಾಗಿ ಒಂದು ಮಾತು. ಮುಂದಿನ ಸಲ ಹಬ್ಬಕ್ಕೆ ಊರಿಗೆ ಹೋಗುವಾಗ ಬ್ಯಾಗಿನಲ್ಲಿ ಒಂದು ಲ್ಯಾನ್ ಕೇಬಲ್ ಇರಲಿ. ಅಪ್ಪ ಅಮ್ಮ ‘ನೆಟ್ ಸರಿ ಇಲ್ಲ’ ಅಂತ ಸುಮ್ಮನಾಗ್ತಾರೆ, ದೂರು ಕೊಡಲ್ಲ. ಆದರೆ ಡಾಕ್ಟರ ವಿಡಿಯೊ ಕಾಲ್, ಮೊಮ್ಮಗುವಿನ ಮುಖ ಎಲ್ಲ ಬರೋದು ಅದೇ ವೈರಿನಲ್ಲಿ. ಮೋಡೆಮ್‌ನ ಕನೆಕ್ಟರ್ ಬಿಗಿ ಮಾಡಿ, ಬೀರುವಿನ ಮೇಲಿನ ರೂಟರ್ ನಡುಮನೆಗೆ ತನ್ನಿ, ಬ್ಯಾಕಪ್ ರಾತ್ರಿಗೆ ಹಾಕಿ. ಸಿಡಿಲಿನ ಕಾಲದಲ್ಲಿ ಕರೆಂಟ್ ಪ್ಲಗ್ ಜೊತೆ ಒಳಬರೋ ವೈರನ್ನೂ ಬಿಚ್ಚಿಡಬೇಕು, ಸಿಡಿಲು ಆ ದಾರಿಯಿಂದಲೂ ಬರುತ್ತೆ ಅಂತ ತೋರಿಸಿಕೊಡಿ. ಅರ್ಧ ಗಂಟೆಯ ಕೆಲಸ. ದೀಪಾವಳಿಗೆ ಕೊಂಡೊಯ್ಯೋ ಸ್ವೀಟ್ ಬಾಕ್ಸ್‌ಗಿಂತ ಹೆಚ್ಚು ದಿನ ಬಾಳಿಕೆ ಬರುತ್ತೆ.